ತಂತಿಯಕ್ಕ ಬರೆದುಕೊಟ್ಟ ಚೀಟಿ

ಒಂದು ಮನೆ ಎಷ್ಟು ಕೊಳಕು ಎಂದು ತಿಳಿಯಲು ಅಡುಗೆಮನೆಗೂ ಹೋಗಬೇಕಾಗಿಲ್ಲ, ಬಚ್ಚಲಿಗೂ ಹೋಗಬೇಕಾಗಿಲ್ಲ. ಇಂಟರ್ನೆಟ್ಟಿನ ಡಬ್ಬ ಇಟ್ಟಿರುವ ಮೂಲೆಯಲ್ಲಿ ಬಗ್ಗಿ ನೋಡಿದರೆ ಸಾಕು. ಇಪ್ಪತ್ತೆರಡು ವರ್ಷ ಕಂಡವರ ಮನೆಯ ಮೂಲೆಗಳಲ್ಲಿ ಮಂಡಿಯೂರಿದ ಮೇಲೆ ತಂತಿಯಕ್ಕ ಕಟ್ಟಿಕೊಂಡ ಅಭಿಪ್ರಾಯ ಇದು. ಇದನ್ನು ಬದಲಾಯಿಸಿಕೊಳ್ಳಲು ಯಾವ ಮನೆಯವರೂ ಇದುವರೆಗೆ ಅವಳಿಗೆ ಕಾರಣ ಕೊಟ್ಟಿರಲಿಲ್ಲ. ಜಿರಳೆ ಮೊಟ್ಟೆ, ಕತ್ತರಿಸಿ ಬಿಸಾಕಿದ ಉಗುರು, ಅರ್ಧ ಕಡಿದ ಬಿಸ್ಕತ್ತು, ಯಾರದೋ ತಲೆಗೂದಲಿನ ಉಂಡೆ, ಒಣಗಿ ಗರಿಗರಿಯಾದ ಹಲ್ಲಿ, ಇವನ್ನೆಲ್ಲ ಚಿಮಟದಲ್ಲಿ ಎತ್ತಿ ಕಾಗದದಲ್ಲಿ ಕಟ್ಟಿ, ಮನೆಯವರ ಕೈಗೇ ಕೊಟ್ಟು, "ತಗೊಳ್ಳಿ, ನಿಮ್ಮ ಆಸ್ತಿ" ಎನ್ನುತ್ತಿದ್ದಳು.

ಅವಳ ನಿಜವಾದ ಹೆಸರು ಅವಳ ತಮ್ಮನ ಮಕ್ಕಳಿಗೂ ಮರೆತುಹೋಗಿತ್ತು. ಚೀಲದಲ್ಲಿ ಸ್ಪಿರಿಟ್ ಬಾಟಲಿ, ಮೂರು ಬಗೆಯ ಬಟ್ಟೆ, ರಬ್ಬರಿನ ಕೈಗವಸು, ಆಮೇಲೆ ಉಳಿದ ಜಾಗದಲ್ಲಿ ತಂತಿ, ಕತ್ತರಿ, ಚಿಕ್ಕ ಲ್ಯಾಪ್‌ಟಾಪು. ಯಾರ ಮನೆಯಲ್ಲೂ ನೀರು ಮುಟ್ಟುತ್ತಿರಲಿಲ್ಲ. ಜಂಬ ಪಡಲು ಅವಳಿಗೆ ಎರಡು ವಿಷಯಗಳಿದ್ದವು. ಒಂದು, ಅರ್ಧ ಕೆಲಸವನ್ನು ಫೋನಿನಲ್ಲೇ ಮುಗಿಸುತ್ತಿದ್ದಳು. ಯಾರಾದರೂ ಒಂದು ಪೇಜು ತೆರೆಯುತ್ತಿಲ್ಲ ಎಂದರೆ, "ಬೇರೆ ಪೇಜು ತೆರೀತಿದ್ಯಾ? ತೆರೀತಿದೆ ತಾನೆ? ಹಾಗಾದ್ರೆ ಆ ಸೈಟೇ ಹಾಳಾಗಿರತ್ತೆ, ಬಿಡಿ" ಎಂದು ಫೋನಿಡುತ್ತಿದ್ದಳು. ಇನ್ನೊಂದು, ಅವಳ ಚೀಟಿ. ಕೆಲಸ ಮುಗಿಸಿದ ಮನೆಯಲ್ಲೆಲ್ಲ ಒಂದು ಬಿಳಿ ಹಾಳೆ ತೆಗೆದು, ಮುತ್ತು ಪೋಣಿಸಿದ ಹಾಗೆ ದುಂಡಗೆ, ಮೊದಲು ಇದನ್ನು ಒತ್ತಿ, ಆಮೇಲೆ ಇದನ್ನು ಬರೆಯಿರಿ ಎಂದು ಹಂತ ಹಂತವಾಗಿ ಬರೆದಿಡುತ್ತಿದ್ದಳು. ದಡ್ಡರಿಗೂ ತಿಳಿಯುವಂತಿರುತ್ತಿತ್ತು. ಸಣ್ಣಪುಟ್ಟದಕ್ಕೆಲ್ಲ ತನ್ನನ್ನು ಕರೆದು ಆ ಮೂಲೆಗಳಿಗೆ ಮತ್ತೆ ಮತ್ತೆ ಬಗ್ಗಿಸಬಾರದು ಎಂಬುದಷ್ಟೇ ಅದರ ಉದ್ದೇಶ.

ಆ ದಿನ ಬೆಳಗ್ಗೆ ಕರೆ ಬಂದದ್ದು ಹಲ್ಲಣ್ಣನ ಮನೆಯಿಂದ. ಮನೆಯಿಂದ ಅಂದರೆ ಎದುರುಗಡೆಯ ಔಷಧಿ ಅಂಗಡಿಯ ಫೋನಿನಿಂದ. ಮಾತಾಡಿದವಳು ಅವನ ತಂಗಿ. "ಅಕ್ಕಾ, ಈಗಲೇ ಬರೋಕಾಗತ್ತಾ? ಹನ್ನೆರಡು ಗಂಟೆ ಒಳಗೆ ಆಗ್ಬೇಕು. ಆಮೇಲಾದ್ರೆ ಏನೂ ಪ್ರಯೋಜನ ಇಲ್ಲ."

ಹಲ್ಲಣ್ಣನ ಕಸುಬು ಹಲ್ಲಿನ ಸೆಟ್ಟು. ಊರಿನ ದಂತವೈದ್ಯರು ಬೊಕ್ಕುಬಾಯಿಗಳ ಅಚ್ಚು ತೆಗೆದು ಕಳಿಸುತ್ತಿದ್ದರು, ಇವನ ಮನೆಯಲ್ಲಿ ಅದಕ್ಕೆ ಹಲ್ಲು ಜೋಡಿಸಿ ಕೊಡುತ್ತಿದ್ದರು. ಅವನ ಬಾಯಿಯೇ ಅವನ ಬೋರ್ಡು. ಗಿರಾಕಿ ಸ್ವಲ್ಪ ಅನುಮಾನಿಸಿದರೆ ಸಾಕು, ಬೆಳಕಿಗೆ ತಿರುಗಿ, ಬಾಯಿ ಅಗಲಿಸಿ, ಮೊದಲು ಮೇಲಿನ ಸಾಲು, ಆಮೇಲೆ ಕೆಳಗಿನ ಸಾಲು ತೋರಿಸಿ, "ಒಂದೂ ನನ್ನದಲ್ಲ ನೋಡಿ!" ಎಂದು ನಗುತ್ತಿದ್ದ. ಬಸ್‌ಸ್ಟಾಪಿನಲ್ಲೂ ತೋರಿಸುತ್ತಿದ್ದ, ಬ್ಯಾಂಕಿನ ಸಾಲಿನಲ್ಲೂ ತೋರಿಸುತ್ತಿದ್ದ. ಹಲ್ಲು ಮಾತ್ರ ನಿಜಕ್ಕೂ ಚೆಂದ. ಅದು ತಂಗಿಯ ಕೈಕೆಲಸ. ಆ ಮನೆಯಿಂದ ಹೊರಗೆ ಹೋದ ಪ್ರತಿಯೊಂದು ಸೆಟ್ಟೂ ತಂಗಿಯ ಕೈಕೆಲಸವೇ ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು.

ತಂತಿಯಕ್ಕ ಹತ್ತೂಕಾಲಿಗೆ ಬಾಗಿಲು ತಟ್ಟಿದಳು. ಒಳಗೆ ಕಾಲಿಡುತ್ತಲೇ ಮೂಗಿಗೆ ಬಟ್ಟೆ ಹಿಡಿದಳು. ಮೇಣ ಕರಗಿಸಿದ ವಾಸನೆ, ಮೂಗು ಸುಡುವ ಇನ್ನೊಂದೇನೋ ದ್ರವದ ವಾಸನೆ, ಅದರಡಿಯಲ್ಲಿ ಹಳೆಯ ಉಗುಳಿನ ವಾಸನೆ. ಗೋಡೆಯುದ್ದಕ್ಕೂ ಕಪಾಟುಗಳಲ್ಲಿ ಗಾರೆಯ ದವಡೆಗಳು, ಮೇಲ್ದವಡೆ, ಕೆಳದವಡೆ, ನೂರಾರು ಬಾಯಿಗಳು ಮುಖವಿಲ್ಲದೆ ಕೂತಿದ್ದವು. ಒಂದೊಂದಕ್ಕೂ ಒಂದು ಚೀಟಿ, ತಾರೀಖು, ಯಾರದು, ಏನು ಕೆಲಸ. ಅಚ್ಚಿಗೆ ಚೀಟಿ ಇಲ್ಲದಿದ್ದರೆ ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೋಗುತ್ತದೆ, ಹಾಗಾಗಿ ಹಲ್ಲಣ್ಣ ಚೀಟಿಯಿಲ್ಲದೆ ಏನನ್ನೂ ಕಪಾಟಿಗೆ ಸೇರಿಸುವವನಲ್ಲ. ಬಾಗಿಲ ಪಕ್ಕದ ಪ್ಲಾಸ್ಟಿಕ್ ಟಬ್ಬಿನಲ್ಲಿ ರಿಪೇರಿಗೆ ಬಂದ ಹಳೆಯ ಸೆಟ್ಟುಗಳು ನೀರಲ್ಲಿ ನೆನೆಯುತ್ತಿದ್ದವು. ಒಂದರ ಸಂದಿಯಲ್ಲಿ ಯಾರದೋ ರಾತ್ರಿಯೂಟ ಇನ್ನೂ ಅಂಟಿಕೊಂಡಿತ್ತು. "ಥೂ!" ಎಂದಳು ತಂತಿಯಕ್ಕ, ಯಾರಿಗೆ ಕೇಳಿಸಿದರೆ ನನಗೇನು ಎಂಬಂತೆ.

ತಂಗಿ ಕೈಯೊರೆಸಿಕೊಳ್ಳುತ್ತಾ ಬಂದಳು. ಮೂವತ್ತೈದರ ಆಸುಪಾಸು, ಬೆರಳ ತುದಿಗಳಿಗೆಲ್ಲ ಒಸಡು ಮಾಡುವ ಗುಲಾಬಿ ಬಣ್ಣ ಹತ್ತಿಹೋಗಿತ್ತು. ದನಿ ತಗ್ಗಿಸಿ ವಿಷಯ ಹೇಳಿದಳು. ದೂರದೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹಲ್ಲು ಮಾಡುವ ವಿಭಾಗವಿದೆ, ಅಲ್ಲಿ ಒಂದು ಕೆಲಸ ಖಾಲಿಯಿದೆ, ಉಳಿಯಲು ಕೋಣೆಯನ್ನೂ ಕೊಡುತ್ತಾರೆ. ಇವಳು ಅರ್ಜಿ ಹಾಕಿದ್ದಾಳೆ. ಕಂಪ್ಯೂಟರಿನಲ್ಲೇ ಸಂದರ್ಶನ. ಆಸ್ಪತ್ರೆಯ ಪೇಜು ತೆರೆದರೆ ಅದರೊಳಗೇ ಅವರ ಮುಖ ಕಾಣುತ್ತದೆ. ಎರಡು ಸಲ ದಿನ ಕೊಟ್ಟರು, ಎರಡು ಸಲವೂ ಪೇಜು ತೆರೆಯಲಿಲ್ಲ.

"ಮೂರನೇದು ಇವತ್ತು ಹನ್ನೆರಡಕ್ಕೆ. ಇದೇ ಕೊನೆ ಅಂದಿದ್ದಾರೆ. ನಾನು ಬೇಕಂತಲೇ ಆಟ ಆಡಿಸ್ತಿದೀನಿ ಅಂದ್ಕೊಂಡಿದ್ದಾರೆ ಅಕ್ಕಾ, ಅದಕ್ಕೆ ನಂಗೆ ತುಂಬಾ ಬೇಜಾರು."

"ಫೋನಲ್ಲಿ ನೋಡ್ಬೇಕಿತ್ತಪ್ಪ."

"ನನ್ನ ಹತ್ರ ಇರೋದು ಬಟನ್ ಫೋನು, ಅದ್ರಲ್ಲೂ ಕರೆನ್ಸಿ ಇರಲ್ಲ. ದೊಡ್ಡ ಫೋನು ಒಂದೇ, ಅದು ಅಣ್ಣನ ಜೇಬಲ್ಲಿ."

"ನಿಮ್ಮಣ್ಣನಿಗೆ ಗೊತ್ತಾ?"

"ಆಸ್ಪತ್ರೆಯವರ ಪತ್ರ ಬಂದಿದ್ದೇ ಅಂಗಡಿ ಇ-ಮೇಲಿಗೆ. ಮನೇಗೆಲ್ಲ ಅದೊಂದೇ. ಬೆಳಗ್ಗೆ ಅಣ್ಣನೇ ಮೊದ್ಲು ಓದೋದು. 'ಹೋಗ್ಲಿ, ಪ್ರಯತ್ನ ಮಾಡು' ಅಂದ."

ಒಳ್ಳೆಯ ಅಣ್ಣ ಎಂದುಕೊಂಡಳು ತಂತಿಯಕ್ಕ. ಅರ್ಧ ಗಂಟೆಯ ಕೆಲಸ ಎಂದೂ ಅಂದುಕೊಂಡಳು. ಕೊಳೆ ತೆಗೆದರೆ ಮುಕ್ಕಾಲು ರೋಗ ಹೋಗುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ.

ಈ ಮನೆಯ ತಂತಿಗಳನ್ನು ನಾಲ್ಕು ವರ್ಷದ ಹಿಂದೆ ಎಳೆದವಳೂ ಅವಳೇ. ಬೀದಿಯಿಂದ ಬಂದ ತಂತಿ ಮೋಡೆಮ್ಮಿಗೆ, ಮೋಡೆಮ್ಮಿನಿಂದ ಹಲ್ಲಣ್ಣನ ಮೇಜಿನ ಕಂಪ್ಯೂಟರಿಗೆ, ಅಲ್ಲಿಂದ ಹಂಚುವ ಡಬ್ಬಕ್ಕೆ, ಡಬ್ಬದಿಂದ ಕೆಲಸದ ಕೋಣೆಗೂ ಮೇಲಿನ ಮನೆಗೂ. ನೇರವಾಗಿ ಹಂಚಬಹುದಿತ್ತು. "ಬೇಡ, ಎಲ್ಲಾ ನನ್ನ ಮಶೀನಿನ ಮೂಲಕವೇ ಹೋಗ್ಲಿ" ಎಂದು ಆವತ್ತು ಹಲ್ಲಣ್ಣ ಹಟ ಹಿಡಿದಿದ್ದ. ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡು ಅವಳು ಹಾಗೇ ಮಾಡಿಕೊಟ್ಟಿದ್ದಳು.

ಹಂಚುವ ಡಬ್ಬ ಗಾರೆ ಚೀಲಗಳ ಹಿಂದಿತ್ತು. ಕೈಗವಸು ಹಾಕಿಕೊಂಡು, ಉಸಿರು ಹಿಡಿದು ಕೈ ತೂರಿಸಿದಳು. ಗಾರೆಯ ಪುಡಿ, ಎಣ್ಣೆ, ಜಿರಳೆ ಹಿಕ್ಕೆ ಎಲ್ಲ ಸೇರಿ ಡಬ್ಬದ ಮೇಲೆ ಹಪ್ಪಳದಂಥ ಒಂದು ಪದರ ಕಟ್ಟಿತ್ತು. ಕೆರೆದಳು, ಒರೆಸಿದಳು, ಮತ್ತೆ ಒರೆಸಿದಳು. ಡಬ್ಬ ಅಲ್ಲಾಡಿಸಿದರೆ ಒಳಗೆ ಏನೋ ಗಡಗಡ ಎಂದಿತು. ಬಿಚ್ಚಿ ನೋಡಿದರೆ ಹಲ್ಲು! ಒಂದು ದವಡೆ ಹಲ್ಲು, ನಿಜವಾದದ್ದೋ ಮಾಡಿದ್ದೋ ದೇವರಿಗೇ ಗೊತ್ತು. ಅದನ್ನು ಚಿಮಟದಲ್ಲಿ ಎತ್ತಿ ಕಾಗದದಲ್ಲಿ ಕಟ್ಟಿ ಪಕ್ಕಕ್ಕಿಟ್ಟಳು.

ಅಷ್ಟೆಲ್ಲ ಮಾಡಿದರೂ ಕೊಳೆಯದೇನೂ ತಪ್ಪಿರಲಿಲ್ಲ. ದೀಪಗಳು ಮೊದಲೂ ಹಸಿರಾಗಿದ್ದವು, ಈಗಲೂ ಹಸಿರಾಗಿದ್ದವು. ಮಹಡಿಯಲ್ಲಿ, ಮೇಣದ ಪೆಟ್ಟಿಗೆಗಳ ಮಧ್ಯೆ ಒಂದು ಮಂಚ ಹಿಡಿಸುವಷ್ಟೇ ಇದ್ದ ತಂಗಿಯ ಕೋಣೆಯಲ್ಲಿ, ಅವಳ ಹಳೆಯ ಕಂಪ್ಯೂಟರಿನ ಮುಂದೆ ಕೂತು ನೋಡಿದಳು. ಹವಾಮಾನದ ಪೇಜು ತೆರೆಯಿತು. ಸುದ್ದಿಯ ಪೇಜು ತೆರೆಯಿತು. ಆಸ್ಪತ್ರೆಯದು ತೆರೆಯಲಿಲ್ಲ.

"ಆ ಸೈಟೇ ಹಾಳಾಗಿ..." ಎಂದು ಬಾಯಿಗೆ ಬಂದದ್ದನ್ನು ಅರ್ಧಕ್ಕೆ ನಿಲ್ಲಿಸಿ, ತನ್ನ ಫೋನಿನಲ್ಲಿ ಅದೇ ಹೆಸರು ಬಡಿದಳು. ಅವಳ ಫೋನಿನ ಇಂಟರ್ನೆಟ್ಟು ಅವಳದೇ, ಈ ಮನೆಯದಲ್ಲ. ಆಸ್ಪತ್ರೆಯ ಪೇಜು ಹೂವಿನ ಹಾಗೆ ತೆರೆದುಕೊಂಡಿತು. ಅಂದರೆ ಆಸ್ಪತ್ರೆ ಸರಿಯಾಗಿದೆ, ತಂತಿ ಸರಿಯಾಗಿದೆ. ಈ ಮನೆಯೊಳಗೆ ಮಾತ್ರ ಆ ಒಂದು ಹೆಸರಿಗೆ ಏನೋ ಆಗಿದೆ.

ಕಂಪ್ಯೂಟರುಗಳಿಗೆ ಹೆಸರು ಅರ್ಥವಾಗುವುದಿಲ್ಲ, ನಂಬರು ಅರ್ಥವಾಗುತ್ತದೆ. ನಾವು ಹೆಸರು ಬರೆದರೆ ಅದರ ನಂಬರು ಹುಡುಕಿಕೊಡಲು ನಡುವೆ ಒಬ್ಬರು ಇರಬೇಕು, ಪತ್ರ ಹಂಚುವವನಿಗೆ ಮನೆ ತೋರಿಸುವ ಬೀದಿಯವರಿದ್ದ ಹಾಗೆ. ಈ ಮನೆಯಲ್ಲಿ ಆ ಕೆಲಸ ಹಲ್ಲಣ್ಣನ ಕಂಪ್ಯೂಟರಿನದು. ತಂತಿಯಕ್ಕ ಅದನ್ನೇ ನೇರವಾಗಿ ಕೇಳಿದಳು, ಈ ಆಸ್ಪತ್ರೆಯ ನಂಬರು ಏನಪ್ಪಾ ಎಂದು. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.

ಅವಳು ಇನ್ನೊಮ್ಮೆ ಕೇಳಿದಳು, ಅದೇ ಉತ್ತರ ಬಂತು.

"ಏನಕ್ಕಾ? ಏನಂತೆ?"

"ಈ ನಂಬರು ಯಾವ ಊರಿಂದೂ ಅಲ್ಲಮ್ಮ. ಎಲ್ಲಾ ಮಶೀನಿಗೂ ಇದಕ್ಕೆ ಒಂದೇ ಅರ್ಥ, 'ಅದು ನೀನೇ' ಅಂತ. ನೀನು ಆಸ್ಪತ್ರೆ ಎಲ್ಲಿದೆ ಅಂತ ಕೇಳ್ತೀಯ, ಅದು 'ಎಲ್ಲೂ ಹೋಗ್ಬೇಡ, ನೀನು ಕೂತಿರೋ ಜಾಗನೇ ಆಸ್ಪತ್ರೆ' ಅಂತ ಹೇಳ್ತಿದೆ. ನಿನ್ನ ಮಶೀನು ಪಾಪ ತನ್ನೊಳಗೇ ಹುಡುಕ್ತಾ ಕೂತಿದೆ."

"ತಾನಾಗೇ ಹಾಗಾಗತ್ತಾ?"

"ಇಲ್ಲ," ಎಂದಳು ತಂತಿಯಕ್ಕ. "ತಾನಾಗೇ ಆಗಲ್ಲ. ಯಾರೋ ಬರೀಬೇಕು." ಹಾಗೆಂದವಳೇ ದಡದಡ ಮೆಟ್ಟಿಲಿಳಿದಳು.

ಕೆಳಗೆ ಹಲ್ಲಣ್ಣನ ಮೇಜಿನ ಪಕ್ಕ ಅವನ ಹೆಂಡತಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬ್ಯಾಂಕಿನ ಬಾಗಿಲಲ್ಲಿ ಕೂರುವವರ ಭಂಗಿ. "ಅವರು ಹೊರಗೆ ಹೋಗಿದ್ದಾರೆ. ಅವರಿಲ್ದೆ ಈ ಮಶೀನು ಮುಟ್ಟೋ ಹಾಗಿಲ್ಲ. ನಾನಾಗ್ಲೇ ಫೋನ್ ಮಾಡಿದೀನಿ, ಬರ್ತಿದ್ದಾರೆ. ಕೂತ್ಕೊಳ್ಳಿ, ನೀರು ಕುಡೀರಿ." ಅವಳು ಮುಂದೆ ಚಾಚಿದ ಸ್ಟೀಲ್ ಲೋಟದ ಒಳಗೋಡೆಗೆ ಗುಲಾಬಿ ಬಣ್ಣದ ಒಂದು ಗೆರೆ ಅಂಟಿತ್ತು. ಅದೇ ಲೋಟದ ಅಣ್ಣತಮ್ಮಂದಿರು ಟಬ್ಬಿನ ಪಕ್ಕ ಸೆಟ್ಟುಗಳನ್ನು ನೆನೆಹಾಕಿಕೊಂಡು ನಿಂತಿದ್ದರು.

"ನೀರು ಬೇಡ ತಾಯಿ, ಕುರ್ಚಿ ಬಿಡಿ."

"ಹೇಳಿದ್ನಲ್ಲ, ಅವರು..."

"ಈ ಮಶೀನಿಗೆ ತಂತಿ ಸಿಕ್ಕಿಸಿದ್ದೇ ನಾನು. ಗಂಟೆ ಹನ್ನೊಂದೂಕಾಲು. ಏಳಿ ಮೇಲೆ!"

ತಂತಿಯಕ್ಕನ ದನಿ ಆ ಮಟ್ಟಕ್ಕೆ ಏರಿದಾಗ ಎದ್ದೇಳದವರು ಕಡಿಮೆ. ಅವಳು ಕುರ್ಚಿಯನ್ನು ಬಟ್ಟೆಯಿಂದ ಒರೆಸಿ ಕೂತಳು. ಕೀಲಿಗಳ ಸಂದಿಯಲ್ಲಿ ಜಿಡ್ಡು, ಕೈಗವಸಿನ ಬೆರಳು ಇಟ್ಟಲ್ಲಿ ಅಂಟುತ್ತಿತ್ತು. ಹೆಸರುಗಳ ಪಟ್ಟಿ ಇರುವ ಜಾಗ ಅವಳಿಗೆ ಗೊತ್ತು. ಅದನ್ನು ತೆರೆಯಲು ಏನು ಒತ್ತಬೇಕೆಂದು ಕಣ್ಣು ಕೆಳಗೆ ಮಾಡಿದರೆ, ಮೇಜಿನ ಗಾಜಿನ ಅಡಿಯಲ್ಲಿ ಅವಳದೇ ಅಕ್ಷರ. ದುಂಡು ದುಂಡಗೆ, ಮುತ್ತು ಪೋಣಿಸಿದ ಹಾಗೆ.

"ತೆರೆಯಬಾರದ ಹೆಸರನ್ನು ಮುಚ್ಚುವುದು ಹೇಗೆ," ಎಂದು ಮೇಲೆ ಅಡಿಗೆರೆ ಎಳೆದು ಬರೆದಿತ್ತು. ಪಟ್ಟಿ ತೆರೆಯಿರಿ. ಮೊದಲು ಈ ನಂಬರು ಬರೆಯಿರಿ. ಒಂದು ಜಾಗ ಬಿಡಿ. ಹೆಸರು ಬರೆಯಿರಿ. ಉಳಿಸಿ. ನೆನಪಿಗೆ ಏನಾದರೂ ಬರೆದುಕೊಳ್ಳಬೇಕಿದ್ದರೆ ಸಾಲಿನ ಮುಂದೆ ಈ ಗುರುತು ಹಾಕಿ, ಆ ಸಾಲನ್ನು ಕಂಪ್ಯೂಟರ್ ಓದುವುದಿಲ್ಲ.

ಆಗ ನೆನಪಾಯಿತು. ಆಗ ಕೆಲಸಕ್ಕಿದ್ದ ಗಾರೆ ಕಲಸುವ ಹುಡುಗರು ಹಗಲೆಲ್ಲ ಇಸ್ಪೀಟಾಟದ ಪೇಜು ತೆಗೆದು ಕೂರುತ್ತಾರೆ, ಏನಾದರೂ ಮಾಡಿ ಎಂದು ಹಲ್ಲಣ್ಣ ಕೇಳಿದ್ದ. ಮೂರು ಹೆಸರು ಅವಳೇ ಹಾಕಿಕೊಟ್ಟಿದ್ದಳು. ನಾಲ್ಕನೆಯದಕ್ಕೆ ಮತ್ತೆ ನನ್ನನ್ನು ಕರೆಯಬೇಡಿ ಮಾರಾಯರೇ ಎಂದು ಚೀಟಿ ಬರೆದಿಟ್ಟಿದ್ದಳು.

ಪಟ್ಟಿ ತೆರೆಯಿತು. ಮೊದಲ ಮೂರು ಅವಳವು. ಅದರ ಕೆಳಗೆ ಹಲ್ಲಣ್ಣನವು ಶುರುವಾದವು. ಕಸುಬಿನ ಅಭ್ಯಾಸ ಬಿಟ್ಟೀತೇ, ಅಚ್ಚುಗಳಿಗೆ ಚೀಟಿ ಅಂಟಿಸಿದ ಹಾಗೆಯೇ ಪ್ರತಿ ಹೆಸರಿನ ಮೇಲೂ ತಾರೀಖು, ಯಾರದು, ಏನು ಎಂದು ಬರೆದಿಟ್ಟಿದ್ದ. "ತಂಗಿ. ಡಿಪ್ಲೊಮಾ ಕಾಲೇಜು." ಅದಾಗಿ ನಾಲ್ಕು ತಿಂಗಳಿಗೆ, "ತಂಗಿ. ಬಾಡಿಗೆ ಕೋಣೆ." ಮರುವರ್ಷ, "ತಂಗಿ. ವರ ಹುಡುಕುವುದು." ಅದರ ಮರುವಾರವೇ ಅಂಥದ್ದೇ ಇನ್ನೊಂದು. "ತಂಗಿ. ದೂರದೂರಿನ ಬಸ್ ಟಿಕೆಟ್." ಹೀಗೆ ಒಂಬತ್ತು ಸಾಲು. ಕೊನೆಯದು, ಆರು ವಾರದ ಹಿಂದಿನ ತಾರೀಖು. "ತಂಗಿ. ಆಸ್ಪತ್ರೆ."

ಇಪ್ಪತ್ತೆರಡು ವರ್ಷದಲ್ಲಿ ತಂತಿಯಕ್ಕ ಎಷ್ಟೋ ಕೊಳೆ ಎತ್ತಿದ್ದಳು. ಇಂಥದ್ದು ಕಂಡಿರಲಿಲ್ಲ. ಒಬ್ಬ ಹೆಣ್ಣುಮಗಳು ಎಲ್ಲೆಲ್ಲಿಗೆ ಹೋಗಲು ಆಸೆಪಟ್ಟಳೋ ಅದಷ್ಟನ್ನೂ ತಾರೀಖು ಹಾಕಿ, ಚೀಟಿ ಅಂಟಿಸಿ, ಕಪಾಟಿನಲ್ಲಿ ಜೋಡಿಸಿಟ್ಟಿದ್ದಾನೆ. ಅದೂ ನನ್ನ ಅಕ್ಷರ ನೋಡಿಕೊಂಡು! ಎದ್ದು ಹೋಗಿ ಕಿಟಕಿಯ ಹೊರಗೆ ಉಗಿದು ಬಂದಳು, ಬಾಯಲ್ಲಿದ್ದ ಕಹಿ ಹೋಗಲಿಲ್ಲ.

"ಏನಕ್ಕಾ, ಏನೋ ತೊಂದ್ರೆ ಅಂತೆ?" ಹಲ್ಲಣ್ಣ ಬಾಗಿಲಲ್ಲಿ ನಿಂತಿದ್ದ. ಬೆವರು ಇಳಿಯುತ್ತಿದ್ದರೂ ಮೂವತ್ತೆರಡೂ ಹಲ್ಲು ಹೊರಗಿದ್ದವು. ಪರದೆಯ ಮೇಲೆ ಏನಿದೆ ಎಂದು ಕಂಡಿತು. ಹಲ್ಲು ಒಂದಿಷ್ಟೂ ಒಳಗೆ ಹೋಗಲಿಲ್ಲ.

"ಇದನ್ನ ನೀವೇ ಬರ್ದಿದ್ದಾ?"

"ಮತ್ತಿನ್ಯಾರು ಬರೀತಾರೆ? ನೀವು ಹೇಳ್ಕೊಟ್ಟ ಹಾಗೇ ಬರ್ದಿದೀನಿ, ಒಂದಕ್ಷರ ಆಚೆ ಈಚೆ ಮಾಡಿಲ್ಲ. ಚೀಟಿ ನೋಡಿ ಬೇಕಾದ್ರೆ. ತುಂಬಾ ಉಪಯೋಗ ಆಯ್ತಕ್ಕಾ."

ಹೊಗಳಿಕೆಯ ಹಾಗೆ ಅಂದ. ತಂತಿಯಕ್ಕನ ಮೈಯೆಲ್ಲ ಉರಿಯಿತು. "ನಾಚಿಕೆ ಆಗಲ್ವೇನ್ರೀ ನಿಮಗೆ? ಒಡಹುಟ್ಟಿದವಳು!"

"ಒಡಹುಟ್ಟಿದವಳು ಅಂತಲೇ ನೋಡ್ಕೊಳ್ತಿರೋದು. ಅಪ್ಪ ಅಮ್ಮ ಹೋದ್ಮೇಲೆ ಊಟಕ್ಕೆ ಕಡಿಮೆ ಮಾಡಿದೀನಾ, ಬಟ್ಟೆಗೆ ಕಡಿಮೆ ಮಾಡಿದೀನಾ? ಬೈದಿದೀನಾ, ಹೊಡ್ದಿದೀನಾ? ಹೋಗಬೇಡ ಅಂತ ಒಂದು ದಿನ ಬಾಯ್ಬಿಟ್ಟು ಅಂದಿಲ್ಲ." ಹಲ್ಲಣ್ಣ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ಹೊರಗಿನವರಿಗೆ ಹೇಳೋದು ಸುಲಭ. ಆ ಕೈ ಹೋದ್ರೆ ಈ ಮನೇಲಿ ಏನುಳಿಯತ್ತೆ ಹೇಳಿ?"

ಅವಳು ಹೋದರೆ ಅನ್ನಲಿಲ್ಲ. ಕೈ ಹೋದರೆ ಅಂದ.

ತಂಗಿ ಯಾವಾಗಲೋ ಇಳಿದು ಬಂದು ಮೇಜಿನ ಆ ಬದಿಗೆ ನಿಂತಿದ್ದಳು. ಪರದೆಯ ಮೇಲಿನ ಸಾಲುಗಳನ್ನು ಒಂದೊಂದಾಗಿ, ತುಟಿಯಾಡಿಸುತ್ತಾ ಓದಿದಳು. ಅಳಲಿಲ್ಲ, ಕೂಗಲಿಲ್ಲ. ಎರಡನೆಯ ಸಲ ಮೊದಲಿಂದ ಓದಿ, "ಹಾಗಾದ್ರೆ ಆ ಕಾಲೇಜು ಮುಚ್ಚಿಲ್ವಾ ಅಣ್ಣ?" ಎಂದು ಕೇಳಿದಳು. "ಮುಚ್ಚಿಹೋಗಿದೆ ಅಂದ್ಯಲ್ಲ."

ಅತ್ತಿಗೆ ನಡುವೆ ಬಾಯಿ ಹಾಕಿದಳು, "ಇರ್ಲಿ ಬಿಡು, ಈಗ್ಯಾಕೆ ಅದೆಲ್ಲ? ಕೆಲಸದ ಹೊತ್ತು."

ಗೋಡೆ ಗಡಿಯಾರ ಹನ್ನೆರಡಕ್ಕೆ ಹದಿನೆಂಟು ನಿಮಿಷ ಎನ್ನುತ್ತಿತ್ತು. ತಂತಿಯಕ್ಕ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಅಳಿಸಲು ಹೊರಟಳು. ಅಷ್ಟರಲ್ಲಿ ಹಲ್ಲಣ್ಣ ಬಗ್ಗಿ, ಗೋಡೆಯ ಬಳಿ ಮೋಡೆಮ್ಮಿಗೆ ಬಂದಿದ್ದ ಬೀದಿಯ ತಂತಿಯನ್ನೇ ಕಿತ್ತು ಕೈಗೆ ಸುತ್ತಿಕೊಂಡ. ಹಸಿರು ದೀಪಗಳು ಒಂದೊಂದಾಗಿ ಸತ್ತವು.

"ಅಳ್ಸಿ ಅಕ್ಕಾ, ಧಾರಾಳವಾಗಿ ಅಳ್ಸಿ. ಇವತ್ತು ನೆಟ್ಟೇ ಇಲ್ಲ. ಲೈನು ಕೆಟ್ಟಿದೆ." ಮತ್ತೆ ನಕ್ಕ.

"ಥೂ ನಿಮ್ಮ!" ಎಂದಳು ತಂತಿಯಕ್ಕ. ಅದಕ್ಕಿಂತ ಒಳ್ಳೆಯ ಮಾತು ಅವಳಿಗೆ ಸಿಗಲಿಲ್ಲ. ಹುಡುಕಲೂ ಇಲ್ಲ. ತಂಗಿಯ ರಟ್ಟೆ ಹಿಡಿದು, ಚೀಲದಿಂದ ತನ್ನ ಫೋನು ತೆಗೆದು, ಗಾಳಿಯಲ್ಲಿ ಆಚೆ ಈಚೆ ಹಿಡಿದು ನೋಡಿದಳು. ಕೆಲಸದ ಕೋಣೆಯಲ್ಲಿ ಸಿಗ್ನಲ್ ಒಂದು ಗೆರೆ. ಮೆಟ್ಟಿಲಿನ ತಿರುವಿನ ಕಿಟಕಿಯ ಬಳಿ ಮೂರು ಗೆರೆ. ಅಲ್ಲೇ ಗಾರೆ ಚೀಲವೊಂದನ್ನು ಎಳೆದು ತಂಗಿಯನ್ನು ಕೂರಿಸಿದಳು. ಫೋನನ್ನು ಸ್ಪಿರಿಟ್ ಹಚ್ಚಿ ಒರೆಸಿದಳು. ನಿಲ್ಲಿಸಲು ಏನೂ ಸಿಗದೆ, ಕಪಾಟಿನಿಂದ ಯಾರದೋ ಕೆಳದವಡೆಯನ್ನು ಬರಿಗೈಯಲ್ಲೇ ಎತ್ತಿ ತಂದು ಅದಕ್ಕೆ ಒರಗಿಸಿದಳು. ಅಷ್ಟು ಹೊತ್ತಿನಲ್ಲಿ ಅವಳು ಕೈಗವಸಿಲ್ಲದೆ ಮುಟ್ಟಿದ ಮೊದಲ ವಸ್ತು ಅದು.

ಹನ್ನೆರಡಕ್ಕೆ ಸರಿಯಾಗಿ ಪರದೆಯ ಮೇಲೆ ಮೂರು ಮುಖ ಮೂಡಿದವು. ಮಧ್ಯದಲ್ಲಿದ್ದ ಕನ್ನಡಕದ ಹೆಂಗಸು, "ಅಂತೂ ಬಂದ್ರಲ್ಲ," ಎಂದಳು, ಸ್ವಲ್ಪ ಬಿಗಿಯಾಗಿ. ತಂಗಿ ಕ್ಷಮೆ ಕೇಳಿದಳು, ಕಾರಣ ಹೇಳಲಿಲ್ಲ. ಮೇಣ ಎಷ್ಟು ಬಿಸಿ ಇರಬೇಕು, ಮುದುಕರ ಒಸಡು ಸವೆದಿದ್ದರೆ ಸೆಟ್ಟು ಹೇಗೆ ಕೂರಿಸುತ್ತೀರಿ, ನಗುವಾಗ ಎಷ್ಟು ಹಲ್ಲು ಕಾಣಬೇಕು ಎಂದು ಅವರು ಕೇಳುತ್ತಾ ಹೋದರು. ಇವಳು ಮೊದಲು ತಡವರಿಸಿದಳು. ಆಮೇಲೆ ಕೈ ಮಾತಾಡತೊಡಗಿತು. ಗಾಳಿಯಲ್ಲೇ ದವಡೆ ಬರೆದು ತೋರಿಸುತ್ತಿದ್ದ ಆ ಗುಲಾಬಿ ಬೆರಳುಗಳನ್ನು ತಂತಿಯಕ್ಕ ಗೋಡೆಗೊರಗಿ ನೋಡುತ್ತಾ ನಿಂತಳು.

"ಸರಿ, ಬಾಯಲ್ಲಿ ಎಲ್ಲರೂ ಹೇಳ್ತಾರೆ," ಎಂದಳು ಕನ್ನಡಕದವಳು. "ನೀವೇ ಪೂರ್ತಿ ಮಾಡಿದ್ದು ಒಂದು ಸೆಟ್ಟು ತೋರಿಸಿ."

ತಂಗಿಯ ಮುಖ ಬಾಡಿತು. ಮುಗಿದ ಸೆಟ್ಟುಗಳೆಲ್ಲ ಕೆಳಗಿನ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಅತ್ತಿಗೆಯ ಸೊಂಟದಲ್ಲಿ. ತಂತಿಯಕ್ಕ ಕೆಳಗೆ ಬಗ್ಗಿ ನೋಡಿದಳು. ನಾಲ್ಕು ಮೆಟ್ಟಿಲ ಕೆಳಗೆ ಹಲ್ಲಣ್ಣ, ಕೈಗೆ ಸುತ್ತಿದ ತಂತಿಯೊಂದಿಗೆ, ಈ ಫೋನನ್ನು ಮರೆತೇಬಿಟ್ಟಿದ್ದೆನಲ್ಲ ಎಂಬಂತೆ ಕಣ್ಣು ಬಿಡುತ್ತಾ ನಿಂತಿದ್ದ.

ತಂಗಿಯೂ ನೋಡಿದಳು. ಒಂದು ಕ್ಷಣ ತಡೆದು ಫೋನನ್ನು ಕೈಗೆತ್ತಿಕೊಂಡು ಅವನ ಕಡೆ ತಿರುಗಿಸಿದಳು. "ಇಲ್ಲೇ ಇದೆ ಮೇಡಂ. ಆರು ವರ್ಷದ ಹಿಂದೆ ಮಾಡಿದ್ದು. ದಿನಾ ಉಪಯೋಗಿಸ್ತಿದ್ದಾರೆ."

"ಓಹೋ! ನೋಡೋಣ, ಸ್ವಲ್ಪ ಬಾಯಿ ತೆರೀತೀರಾ ಸಾರ್?"

ಹಲ್ಲಣ್ಣ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆರು ವರ್ಷದಿಂದ ಯಾರು ಕೇಳಿದರೂ ತೆರೆದ ಬಾಯಿ ಅದು, ಕೇಳದಿದ್ದರೂ ತೆರೆದ ಬಾಯಿ. ಗಿರಾಕಿಯ ದನಿ ಕಿವಿಗೆ ಬೀಳುತ್ತಲೇ, ತಲೆಗೆ ವಿಷಯ ಹೋಗುವ ಮೊದಲೇ, ಮುಖ ತಾನಾಗಿ ಕಿಟಕಿಯ ಬೆಳಕಿಗೆ ತಿರುಗಿತು. ತುಟಿ ಅಗಲವಾಯಿತು. ಮೇಲಿನ ಸಾಲು ಪೂರ್ತಿ ಹೊರಗೆ ಬಂತು.

"ಆಹಾ," ಎಂದಿತು ಫೋನು. "ಒಸಡಿನ ಬಣ್ಣ ನೋಡ್ರೀ, ಗೊತ್ತೇ ಆಗಲ್ಲ. ಕೆಳಗಿನ ಸಾಲೂ ಇವರೇ ಮಾಡಿದ್ದಾ?"

ಕೆಳಗಿನ ಸಾಲೂ ಬಂತು. ಅಷ್ಟು ಹೊತ್ತಿಗೆ ತಾನೇನು ಮಾಡುತ್ತಿದ್ದೇನೆಂದು ಹಲ್ಲಣ್ಣನಿಗೆ ಹೊಳೆದಿರಬೇಕು, ಕಣ್ಣುಗಳು ಪಿಳಿಪಿಳಿ ಎಂದವು. ಬಾಯಿ ಮಾತ್ರ ಇನ್ನೂ ತೆರೆದೇ ಇತ್ತು. ಮುಚ್ಚಿದರೆ ಅವಮಾನ, ತೆರೆದರೆ ನಷ್ಟ. ಬಾಯಿಯ ಮೂಲೆಯಲ್ಲಿ ಜೊಲ್ಲು ತುಂಬಿ ಗದ್ದಕ್ಕಿಳಿಯಿತು. ತಂತಿಯಕ್ಕ ಮುಖ ತಿರುಗಿಸಿಕೊಂಡಳು. ಗೆಲುವು ಅನ್ನಿಸಬೇಕಿತ್ತು, ಅವಳಿಗೆ ಹೇಸಿಗೆಯಷ್ಟೇ ಅನ್ನಿಸಿತು.

ಫೋನಿನ ಆ ಬದಿಯಲ್ಲಿ ಮೂವರೂ ತಮ್ಮತಮ್ಮಲ್ಲಿ ಪಿಸುಗುಟ್ಟಿದರು. "ನಮಗೆ ಬೇರೆ ಯಾರನ್ನೂ ನೋಡ್ಬೇಕು ಅನ್ನಿಸ್ತಿಲ್ಲ. ಕೋಣೆ ಖಾಲಿ ಇದೆ. ನೀವು ಯಾವಾಗ ಬರೋಕಾಗತ್ತೆ? ಮುಂದಿನ ತಿಂಗಳು?"

"ನಾಳೆ," ಎಂದಳು ತಂಗಿ.

ಕರೆ ಮುಗಿದ ಮೇಲೆ ಕೆಳಗಿನಿಂದ ಅತ್ತಿಗೆಯ ದನಿ ಬಂತು. "ನಾಳೆನಾ? ಈ ವಾರ ಏಳು ಸೆಟ್ಟು ಕೊಡ್ಬೇಕಲ್ಲೇ, ಯಾರು ಮಾಡ್ತಾರೆ?"

"ಅಚ್ಚೆಲ್ಲ ಕಪಾಟಲ್ಲಿದೆ ಅತ್ತಿಗೆ. ಚೀಟಿ ಅಂಟ್ಸಿದೀನಿ, ಓದ್ಕೊಂಡು ಮಾಡಿ." ಇಷ್ಟು ಹೇಳಿ ಅವಳು ಬಟ್ಟೆ ತುಂಬಿಕೊಳ್ಳಲು ಮೇಲೆ ಹೋದಳು. ಹಲ್ಲಣ್ಣ ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ತಂತಿಯನ್ನು ಕೈಯಿಂದ ಬಿಚ್ಚುತ್ತಾ ಕೆಲಸದ ಕೋಣೆಯ ಸ್ಟೂಲಿನ ಮೇಲೆ ಕೂತ. ಬಾಯಿ ಮುಚ್ಚಿದಾಗ ಅವನ ಮುಖ ಎಷ್ಟು ಚಿಕ್ಕದು ಎಂದು ತಂತಿಯಕ್ಕನಿಗೆ ಅಂದೇ ಗೊತ್ತಾದದ್ದು.

ಅವಳಿಗೆ ಇನ್ನೊಂದು ಕೆಲಸ ಉಳಿದಿತ್ತು. ಮೇಜಿನ ಗಾಜು ಎತ್ತಿ ತನ್ನ ಚೀಟಿಯನ್ನು ಎಳೆದಳು. ನಾಲ್ಕು ವರ್ಷದ ತೇವಕ್ಕೆ ಕಾಗದ ಗಾಜಿಗೆ ಕಚ್ಚಿಕೊಂಡಿತ್ತು. ಕಾಗದ ಕಿತ್ತು ಬಂತು, ಅಕ್ಷರ ಗಾಜಿನಲ್ಲೇ ಉಳಿಯಿತು, ಉಲ್ಟಾ ಆದರೂ ದುಂಡಗೆ, ಸ್ಪಷ್ಟವಾಗಿ. ಸ್ಪಿರಿಟ್ ಸುರಿದು ತಿಕ್ಕಿದಳು. ಪಟ್ಟಿಯ ಸಾಲುಗಳನ್ನೂ ಕೊನೆಯಿಂದ ಮೊದಲವರೆಗೆ ಅಳಿಸಿದಳು. ಚೀಟಿಯನ್ನು ಚೂರು ಚೂರು ಮಾಡಿ, ಉಳಿದ ಕೊಳೆಯ ಜೊತೆ ಕಟ್ಟಿ, ಈ ಸಲ ಮನೆಯವರ ಕೈಗೆ ಕೊಡದೆ ತನ್ನ ಚೀಲಕ್ಕೇ ಹಾಕಿಕೊಂಡಳು.

ಬಾಗಿಲು ದಾಟುವಾಗ ತಂಗಿ ಓಡಿ ಬಂದಳು. ಕಣ್ಣು ಆಗ ತುಂಬಿತ್ತು. "ಅಕ್ಕಾ, ನೀವಿಲ್ದಿದ್ರೆ ನಾನು..."

"ಸುಮ್ನಿರು. ನಾನಿಲ್ದಿದ್ರೆ ನೀನು ಮೂರು ವರ್ಷದ ಹಿಂದೆಯೇ ಹೋಗಿರ್ತಿದ್ದೆ. ಚೀಟಿ ಯಾರದು ಅಂತ ನೋಡ್ದೆಯಲ್ಲ."

"ನೋಡ್ದೆ," ಎಂದಳು ತಂಗಿ. ಹೊಸ್ತಿಲ ಮೇಲಿನ ಗಾರೆಯ ಪುಡಿಯನ್ನು ಕಾಲಿನಿಂದ ಸರಿಸಿದಳು. "ಅದಕ್ಕೆ ನಂಗೇನಿಲ್ಲ ಅಕ್ಕಾ. ನೀವು ಇಸ್ಪೀಟಿಗೆ ಅಂತ ಕೊಟ್ರಿ. ಆದ್ರೆ ಒಂದ್ಸಲ ನಾನು ನಿಮಗೆ ಫೋನ್ ಮಾಡಿದ್ದೆ, ಎದುರಂಗಡಿಯಿಂದಲೇ. ಮೂರು ವರ್ಷದ ಮೇಲಾಯ್ತು. ನೆನಪಿದ್ಯಾ?"

ತಂತಿಯಕ್ಕನಿಗೆ ನೆನಪಿರಲಿಲ್ಲ. ದಿನಕ್ಕೆ ಹತ್ತು ಫೋನು ಬರುತ್ತವೆ.

"ಕಾಲೇಜಿನ ಪೇಜು ತೆರೀತಿಲ್ಲ, ಅರ್ಜಿಗೆ ಎರಡೇ ದಿನ ಇದೆ ಅಂದೆ. ಬೇರೆ ಪೇಜು ತೆರೀತಿದ್ಯಾ ಅಂತ ಕೇಳಿದ್ರಿ. ತೆರೀತಿದೆ ಅಂದೆ."

ತಂತಿಯಕ್ಕ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಮುಂದಿನ ಮಾತು ಏನೆಂದು ಅವಳಿಗೆ ಗೊತ್ತಿತ್ತು. ಊರಿಗೆಲ್ಲ ಅದೇ ಮಾತು ಹೇಳಿದ್ದಳು.

"ಆ ಸೈಟೇ ಹಾಳಾಗಿರತ್ತೆ, ಬಿಡಿ ಅಂದ್ರಿ," ಎಂದಳು ತಂಗಿ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನಾನು ಬಿಟ್ಟೆ."